ನೆಟ್ ಪದೇ ಪದೇ ಹೋಗುತ್ತಿದೆಯೇ? ಮೊದಲು ಲೆಕ್ಕ ಬರೆಯಿರಿ

ಕಳೆದ ಎರಡು ತಿಂಗಳು ನಮ್ಮ ಮನೆಯಲ್ಲಿ ಸಂಜೆ ಹೊತ್ತು ಅತಿ ಹೆಚ್ಚು ಕೇಳಿಬಂದ ಮಾತು "ಫಿರ್ ಗಯಾ". ಅಂದರೆ, ಮತ್ತೆ ಹೋಯಿತು. ಹೋಗುತ್ತಿದ್ದದ್ದು ಇಂಟರ್‌ನೆಟ್. ಬೆಳಗ್ಗೆ ಸರಿ ಇರುತ್ತಿತ್ತು, ಮಧ್ಯಾಹ್ನವೂ ಪರವಾಗಿಲ್ಲ. ಮಗ್ರಿಬ್ ಆಗಿ ಎಲ್ಲರೂ ಮನೆ ಸೇರಿ, ಅಕ್ಕ ಲ್ಯಾಪ್‌ಟಾಪ್ ತೆರೆದು ಕೂತರೆ ಶುರುವಾಗುತ್ತಿತ್ತು.

ಅಕ್ಕನನ್ನು ನಾವು ಆಪಾ ಎನ್ನುತ್ತೇವೆ. ಆಪಾ ಎಂಟು ಮತ್ತು ಒಂಬತ್ತನೇ ತರಗತಿಯ ಆರು ಮಕ್ಕಳಿಗೆ ಸಂಜೆ 7ರಿಂದ 8ರವರೆಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುತ್ತಾಳೆ. ಒಬ್ಬರಿಗೆ ತಿಂಗಳಿಗೆ 700 ರೂಪಾಯಿ. ಅದರಲ್ಲಿ ನೆಟ್ ಬಿಲ್ ಕಟ್ಟಿ, ಉಳಿದದ್ದನ್ನು ಬಿ.ಎಡ್. ಶುಲ್ಕಕ್ಕೆ ಕೂಡಿಡುತ್ತಾಳೆ. ಪಾಠದ ನಡುವೆ ಮೂರು ನಿಮಿಷ ನೆಟ್ ಹೋದರೆ ಮಕ್ಕಳು ಚದುರಿಹೋಗುತ್ತಾರೆ, ಮತ್ತೆ ಕೂಡಿಸಲು ಹತ್ತು ನಿಮಿಷ ಬೇಕು. ಒಬ್ಬ ಹುಡುಗ ಬಿಟ್ಟೇಹೋದ. ಇನ್ನೊಂದು ಮಗುವಿನ ತಾಯಿ "ಮುಂದಿನ ತಿಂಗಳಿನಿಂದ ನೋಡೋಣ ಮೇಡಂ" ಎಂದು ಸಂದೇಶ ಕಳಿಸಿದರು. ಆ ರಾತ್ರಿ ಆಪಾ ಊಟ ಸರಿಯಾಗಿ ಮಾಡಲಿಲ್ಲ.

ನಾವು ನಾಲ್ಕು ಸಲ ಕಂಪನಿಗೆ ಫೋನ್ ಮಾಡಿದೆವು. ನಾಲ್ಕು ಸಲವೂ ಒಂದೇ ಉತ್ತರ: "ರೂಟರ್ ಆಫ್ ಮಾಡಿ ಆನ್ ಮಾಡಿ." ನಾಲ್ಕನೇ ಸಲ ನಾನು ಆ ಕಡೆಯ ಹುಡುಗನ ಮೇಲೆ ಜೋರು ಮಾಡಿದೆ. ಕೊನೆಗೆ ಅಬ್ಬಾ ಹೇಳಿದರು, "ನೀನು ಕಾಮರ್ಸ್ ಓದುತ್ತೀಯಲ್ಲ, ಲೆಕ್ಕ ಇಲ್ಲದೆ ಜಗಳ ಆಡಬೇಡ. ಎಷ್ಟು ಸಲ ಹೋಯಿತು, ಯಾವಾಗ ಹೋಯಿತು, ಬರೆದಿಡು." ಈ ಲೇಖನ ಹುಟ್ಟಿದ್ದು ಆ ಮಾತಿನಿಂದ. ನಮ್ಮ ಕಾಲೇಜಿನ ಅನೇಕರ ಮನೆಯಲ್ಲಿ ಇದೇ ತೊಂದರೆ ಇದೆ ಎಂದು ಗೊತ್ತಿರುವುದರಿಂದ, ನಾನು ಕಲಿತದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ದಾಖಲೆ

ಹಳೆಯ ನೋಟ್‌ಬುಕ್ಕಿನಲ್ಲಿ ಐದು ಕಾಲಂ ಹಾಕಿದೆ: ದಿನಾಂಕ, ಹೋದ ಸಮಯ, ಬಂದ ಸಮಯ, ಆಗ ರೂಟರ್ ಮೇಲಿನ ದೀಪಗಳು ಹೇಗಿದ್ದವು, ಯಾವ ಯಾವ ಉಪಕರಣದಲ್ಲಿ ಹೋಯಿತು. ನಾಲ್ಕನೇ ಕಾಲಂ ಬಹಳ ಮುಖ್ಯ. "ನೆಟ್ ಹೋಯಿತು" ಎಂಬುದು ಒಂದೇ ರೋಗವಲ್ಲ. ಜ್ವರ ಎಂದರೆ ಹೇಗೆ ಹತ್ತು ಕಾರಣ ಇರಬಹುದೋ ಹಾಗೆ. ದೀಪ ನೋಡಿದರೆ ಯಾವ ಜ್ವರ ಎಂದು ಅರ್ಧ ಗೊತ್ತಾಗುತ್ತದೆ.

ಇಲ್ಲೊಂದು ಎಚ್ಚರಿಕೆ. ವೈಫೈ ಸರಿಯಿಲ್ಲದಾಗ ಎಷ್ಟೋ ಮೊಬೈಲ್‌ಗಳು ಹೇಳದೆ ಕೇಳದೆ ಮೊಬೈಲ್ ಡೇಟಾಗೆ ಹಾರುತ್ತವೆ. ಆಗ ನೆಟ್ ಹೋದದ್ದೇ ಗೊತ್ತಾಗುವುದಿಲ್ಲ, ಡೇಟಾ ಮಾತ್ರ ಖಾಲಿಯಾಗುತ್ತದೆ. ಪರೀಕ್ಷೆ ಮಾಡುವ ದಿನಗಳಲ್ಲಿ ಮೊಬೈಲ್ ಡೇಟಾ ಆಫ್ ಮಾಡಿಡಿ.

ಹತ್ತು ದಿನದಲ್ಲಿ ನನ್ನ ಪುಸ್ತಕದಲ್ಲಿ 23 ನಮೂದುಗಳಾದವು. ದೀಪಗಳ ಪ್ರಕಾರ ವಿಂಗಡಿಸಿದಾಗ ಲೆಕ್ಕ ಹೀಗೆ ಬಂತು:

ಎಲ್ಲಾ ದೀಪ ಆರಿ ಮತ್ತೆ ಹೊತ್ತಿಕೊಂಡದ್ದು: 14
ಕೆಂಪು ದೀಪ ಮಿಣುಕಿದ್ದು: 5
ದೀಪಗಳೆಲ್ಲ ಸರಿ ಇದ್ದು, ಹಿಂದಿನ ಕೋಣೆಯಲ್ಲಿ ಮಾತ್ರ ಹೋದದ್ದು: 3
ಮನೆಗೇ ಕರೆಂಟ್ ಹೋದದ್ದು: 1
ಒಟ್ಟು: 23

ಮೊತ್ತ ತಾಳೆಯಾಯಿತು. ನಮಗೆ ಇದ್ದದ್ದು ಒಂದು ತೊಂದರೆಯಲ್ಲ, ನಾಲ್ಕು.

ಎರಡನೇ ಹೆಜ್ಜೆ: ದಾರಿಯನ್ನು ತುಂಡು ಮಾಡಿ ನೋಡುವುದು

ಫೈಬರ್ ಸಂಪರ್ಕದಲ್ಲಿ ನೆಟ್ ಬರುವ ದಾರಿ ಹೀಗಿದೆ. ಕಂಪನಿಯ ಕೇಂದ್ರದಿಂದ ಗಾಜಿನ ನೂಲಿನಲ್ಲಿ ಬೆಳಕಾಗಿ ಹೊರಡುತ್ತದೆ. ದಾರಿಯಲ್ಲಿನ ಡಬ್ಬಿಯಲ್ಲಿ ಆ ಬೆಳಕನ್ನು ಹಂಚಿ ಹಲವು ಮನೆಗಳಿಗೆ ಒಂದೊಂದು ನೂಲು ಕೊಡುತ್ತಾರೆ. ನಮ್ಮ ಮನೆಯ ಪೆಟ್ಟಿಗೆ ಆ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸಿ, ವೈಫೈ ಮೂಲಕ ಮೊಬೈಲ್‌ಗೆ ಕಳಿಸುತ್ತದೆ. ಹೀಗಾಗಿ ದೋಷ ಮೂರು ಜಾಗದಲ್ಲಿ ಇರಬಹುದು: ಮೊಬೈಲ್‌ನಿಂದ ಪೆಟ್ಟಿಗೆಯವರೆಗೆ, ಪೆಟ್ಟಿಗೆಯೊಳಗೆ, ಪೆಟ್ಟಿಗೆಯಿಂದ ಹೊರಗೆ.

ಯಾವ ಜಾಗ ಎಂದು ತಿಳಿಯಲು ಸುಲಭ ಉಪಾಯವಿದೆ. ಪೆಟ್ಟಿಗೆಯ ಹಿಂಭಾಗದ ಚೀಟಿಯಲ್ಲಿ ಒಂದು ವಿಳಾಸ ಮುದ್ರಿಸಿರುತ್ತಾರೆ. ಹೆಚ್ಚಾಗಿ ಅದು 192.168.1.1 ಅಥವಾ ಅದರಂಥದ್ದು. ನೆಟ್ ಹೋದ ಕೂಡಲೇ ಮೊಬೈಲ್ ಬ್ರೌಸರ್‌ನಲ್ಲಿ ಆ ಅಂಕಿಗಳನ್ನು ಹಾಕಿ. ಲಾಗಿನ್ ಪುಟ ತೆರೆದುಕೊಂಡರೆ ನಿಮ್ಮಿಂದ ಪೆಟ್ಟಿಗೆಯವರೆಗಿನ ವೈಫೈ ಸರಿ ಇದೆ, ದೋಷ ಅದರಾಚೆ. ತೆರೆಯದಿದ್ದರೆ ವೈಫೈನದ್ದು ಅಥವಾ ಪೆಟ್ಟಿಗೆಯದ್ದೇ ದೋಷ.

ಲ್ಯಾಪ್‌ಟಾಪ್ ಇದ್ದರೆ ಇನ್ನೂ ಸ್ಪಷ್ಟವಾಗಿ ನೋಡಬಹುದು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು, ಪಿಂಗ್ ಎಂಬ ಪದವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ವಿಳಾಸ ಹಾಕಿದರೆ, ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ತೋರಿಸುತ್ತದೆ. ಒಂದರ ನಂತರ ಒಂದು ಮೂರು ಕಡೆ ಪಿಂಗ್ ಮಾಡಿ. ಮೊದಲು ನಿಮ್ಮ ಪೆಟ್ಟಿಗೆಯ ವಿಳಾಸ. ನಂತರ 8.8.8.8, ಇದು ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಸರ್ವರ್. ಕೊನೆಗೆ ಯಾವುದಾದರೂ ಜಾಲತಾಣದ ಹೆಸರು. ಮೊದಲನೆಯದೇ ಬರದಿದ್ದರೆ ದೋಷ ಮನೆಯೊಳಗೆ. ಮೊದಲನೆಯದು ಬಂದು ಎರಡನೆಯದು ಬರದಿದ್ದರೆ ಪೆಟ್ಟಿಗೆಯಿಂದ ಹೊರಗಿನ ದಾರಿಯಲ್ಲಿ. ಎರಡೂ ಬಂದು ಹೆಸರು ಮಾತ್ರ ಸಿಗದಿದ್ದರೆ ದಾರಿ ಸರಿ ಇದೆ, ಹೆಸರನ್ನು ಅಂಕಿಯಾಗಿ ಬದಲಿಸುವ ಡಿಎನ್‌ಎಸ್ ಕೈಕೊಟ್ಟಿದೆ. ಫೋನ್ ಪುಸ್ತಕ ಕಳೆದುಹೋದರೂ ಫೋನ್ ಸರಿಯಾಗಿರುವಂತೆ.

ಮೂರನೇ ಹೆಜ್ಜೆ: ದೀಪಗಳ ಭಾಷೆ

ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸ್ವಲ್ಪ ವ್ಯತ್ಯಾಸ ಇದ್ದರೂ ಫೈಬರ್ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಈ ದೀಪಗಳಿರುತ್ತವೆ.

ಪವರ್: ಕರೆಂಟ್ ಬರುತ್ತಿದೆ.
ಪಾನ್: ಕಂಪನಿಯ ಕೇಂದ್ರದೊಂದಿಗೆ ಮಾತುಕತೆ ನಡೆದಿದೆ. ನಿಶ್ಚಲ ಹಸಿರಾಗಿದ್ದರೆ ಸರಿ. ಮಿಣುಕುತ್ತಿದ್ದರೆ ಇನ್ನೂ ಸಂಪರ್ಕಕ್ಕೆ ಪ್ರಯತ್ನಿಸುತ್ತಿದೆ ಎಂದರ್ಥ.
ಲಾಸ್: ಇದು ಹೊತ್ತಿಕೊಳ್ಳಬಾರದ ದೀಪ. ಕೆಂಪಗೆ ಮಿಣುಕಿದರೆ ನೂಲಿನಲ್ಲಿ ಬೆಳಕು ಬರುತ್ತಿಲ್ಲ, ಅಥವಾ ಸಾಲುತ್ತಿಲ್ಲ.
ಇಂಟರ್‌ನೆಟ್: ನಿಮ್ಮ ಖಾತೆ ಲಾಗಿನ್ ಆಗಿದೆ. ಪಾನ್ ಹಸಿರಿದ್ದು ಇದು ಮಾತ್ರ ಆರಿದ್ದರೆ ಬಿಲ್ ಬಾಕಿ ಇದೆಯೇ ಎಂದು ಮೊದಲು ನೋಡಿ, ಆಮೇಲೆ ಜಗಳ.

ಪೆಟ್ಟಿಗೆಯ ಹಿಂದೆ ಸೂಜಿಯಲ್ಲಿ ಒತ್ತುವ ಒಂದು ಸಣ್ಣ ರಂಧ್ರವಿದೆ. ಅದು ರೀಸೆಟ್. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ರೀಸೆಟ್ ಒತ್ತಿದರೆ ಕಂಪನಿಯವರು ಹಾಕಿಕೊಟ್ಟ ಹೊಂದಿಕೆಗಳೆಲ್ಲ ಅಳಿಸಿಹೋಗಬಹುದು. ಆಮೇಲೆ ಅವರೇ ಬಂದು ಸರಿಮಾಡುವವರೆಗೆ ಇದ್ದ ನೆಟ್ಟೂ ಇಲ್ಲ. ಅದನ್ನು ಮುಟ್ಟಬೇಡಿ.

14 ಸಲದ ಕಥೆ

ನನ್ನ ಪಟ್ಟಿಯಲ್ಲಿ ದೊಡ್ಡ ಮೊತ್ತ 14. ಎಲ್ಲಾ ದೀಪ ಒಟ್ಟಿಗೆ ಆರಿ, ಒಂದೊಂದಾಗಿ ಹೊತ್ತಿಕೊಂಡಿವೆ ಎಂದರೆ ಪೆಟ್ಟಿಗೆ ತಾನೇ ರೀಸ್ಟಾರ್ಟ್ ಆಗಿದೆ. ಆದರೆ ಆ ಹೊತ್ತಿನಲ್ಲಿ ಮನೆಯ ಫ್ಯಾನ್ ತಿರುಗುತ್ತಿತ್ತು, ಟ್ಯೂಬ್‌ಲೈಟ್ ಉರಿಯುತ್ತಿತ್ತು. ಮನೆಗೆ ಕರೆಂಟ್ ಇದೆ, ಪೆಟ್ಟಿಗೆಗೆ ಇಲ್ಲ. ನಡುವೆ ಇರುವುದು ಒಂದೇ ವಸ್ತು: ಅಡಾಪ್ಟರ್.

ಅಡಾಪ್ಟರ್ ಮುಟ್ಟಿ ನೋಡಿದೆ, ಕೈ ಸುಡುವಷ್ಟು ಬಿಸಿ. ಅದರ ಮೇಲಿನ ಸಣ್ಣ ಅಕ್ಷರ ಓದಿದೆ: 12 ವೋಲ್ಟ್, 0.5 ಆಂಪಿಯರ್. ಪೆಟ್ಟಿಗೆಯ ತಳದಲ್ಲಿ ಬರೆದದ್ದು: 12 ವೋಲ್ಟ್, 1.5 ಆಂಪಿಯರ್. ವೋಲ್ಟ್ ಅನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್. ಪೆಟ್ಟಿಗೆ ಕೇಳುವುದು 18 ವ್ಯಾಟ್‌ವರೆಗೆ ಕೊಡಬಲ್ಲ ಅಡಾಪ್ಟರ್. ನಾವು ಕೊಟ್ಟದ್ದು 6 ವ್ಯಾಟ್‌ನದ್ದು.

ಈಗ ಸಂಜೆಯ ರಹಸ್ಯವೂ ಬಿಡಿಸಿತು. ಹಗಲಲ್ಲಿ ಒಂದೋ ಎರಡೋ ಮೊಬೈಲ್ ಮಾತ್ರ, ಪೆಟ್ಟಿಗೆಗೆ ಕೆಲಸ ಕಡಿಮೆ, ಅರೆಹೊಟ್ಟೆಯಲ್ಲೇ ಸಾಗಿಸುತ್ತಿತ್ತು. ಸಂಜೆ ಆಪಾಳ ವಿಡಿಯೋ ಪಾಠ, ತಮ್ಮನ ಕಾರ್ಟೂನ್, ಅಬ್ಬಾರ ಮೊಬೈಲ್, ಎಲ್ಲ ಒಟ್ಟಿಗೆ. ಪೆಟ್ಟಿಗೆ ಹೆಚ್ಚು ಕರೆಂಟ್ ಕೇಳಿದಾಗ ಅಡಾಪ್ಟರ್ ಕೊಡಲಾರದೆ ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತಿತ್ತು. ಕುಸಿಯುವುದು ಕ್ಷಣ ಮಾತ್ರ. ಆದರೆ ಪೆಟ್ಟಿಗೆ ಮತ್ತೆ ಎದ್ದು, ಕೇಂದ್ರವನ್ನು ಹುಡುಕಿ, ಲಾಗಿನ್ ಆಗಲು ಸುಮಾರು ಮೂರು ನಿಮಿಷ. 14 ಸಲಕ್ಕೆ 42 ನಿಮಿಷ.

ಸರಿ, 0.5 ಆಂಪಿಯರ್ ಅಡಾಪ್ಟರ್ ಅಲ್ಲಿಗೆ ಬಂದದ್ದು ಹೇಗೆ? ಇಲ್ಲಿ ಒಂದು ತಪ್ಪೊಪ್ಪಿಗೆ. ಬಕ್ರೀದ್‌ಗೆ ಮುಂಚೆ ಮನೆಗೆ ಸುಣ್ಣಬಣ್ಣ ಮಾಡಿದ್ದೆವು. ಟಿವಿ, ಸೆಟ್ ಟಾಪ್ ಬಾಕ್ಸ್, ರೂಟರ್ ಎಲ್ಲವನ್ನೂ ಬಿಚ್ಚಿ, ಆಮೇಲೆ ಮತ್ತೆ ಜೋಡಿಸಿದ್ದು ನಾನೇ. ಸೆಟ್ ಟಾಪ್ ಬಾಕ್ಸ್‌ನ ಅಡಾಪ್ಟರೂ ಕಪ್ಪು, ರೂಟರ್‌ನದ್ದೂ ಕಪ್ಪು, ಎರಡೂ 12 ವೋಲ್ಟ್, ಎರಡಕ್ಕೂ ಒಂದೇ ದುಂಡು ಪಿನ್. ಅದಲು ಬದಲು ಹಾಕಿದ್ದೆ. ಟಿವಿ ಮಾತ್ರ ಚೆನ್ನಾಗಿಯೇ ಓಡುತ್ತಿತ್ತು. ಯಾಕೆಂದರೆ ವೋಲ್ಟ್ ಸರಿ ಇದ್ದರೆ, ಉಪಕರಣ ತನಗೆ ಬೇಕಾದಷ್ಟು ಆಂಪಿಯರ್ ಮಾತ್ರ ಎಳೆದುಕೊಳ್ಳುತ್ತದೆ. ದೊಡ್ಡ ಅಡಾಪ್ಟರ್ ಹಾಕಿದರೆ ತೊಂದರೆ ಇಲ್ಲ, ಸಣ್ಣದು ಹಾಕಿದರೆ ತೊಂದರೆ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಎರಡು ತಿಂಗಳು ಆಪಾ ಅನುಭವಿಸಿದ ಕಷ್ಟದ ದೊಡ್ಡ ಪಾಲು ನನ್ನ ಕೈಯಿಂದ ಆದದ್ದು. ಅಡಾಪ್ಟರ್ ಬದಲಿಸಲು ಹಿಡಿದದ್ದು ಒಂದು ನಿಮಿಷ, ಖರ್ಚು ಸೊನ್ನೆ. ಆಪಾಗೆ ಹೇಳಲು ಮಾತ್ರ ಒಂದು ರಾತ್ರಿ ಹಿಡಿಯಿತು.

ನಿಮಗೆ ಹೇಳುವುದಿಷ್ಟು: ಇವತ್ತೇ ನಿಮ್ಮ ಅಡಾಪ್ಟರ್ ಮತ್ತು ಪೆಟ್ಟಿಗೆಯ ತಳ, ಎರಡನ್ನೂ ಓದಿ. ವೋಲ್ಟ್ ಒಂದೇ ಇರಬೇಕು, ಅಡಾಪ್ಟರ್‌ನ ಆಂಪಿಯರ್ ಪೆಟ್ಟಿಗೆಯಷ್ಟೇ ಅಥವಾ ಹೆಚ್ಚಿರಬೇಕು. ಪಿನ್ ಸಡಿಲವಿದೆಯೇ, ಎಕ್ಸ್‌ಟೆನ್ಷನ್ ಬೋರ್ಡ್ ಅಲ್ಲಾಡುತ್ತದೆಯೇ ನೋಡಿ. ಪೆಟ್ಟಿಗೆಯ ಮೇಲೆ ಬಟ್ಟೆ, ಪುಸ್ತಕ ಹೇರಬೇಡಿ. ಬಿಸಿ ಹೋಗಲು ಜಾಗ ಬೇಕು.

5 ಸಲದ ಕಥೆ

ಅಡಾಪ್ಟರ್ ಬದಲಿಸಿದ ಮೇಲೆ ರೀಸ್ಟಾರ್ಟ್ ಪೂರ್ತಿ ನಿಂತಿತು. ಆದರೆ ಮುಂದಿನ ವಾರವೂ ಕೆಂಪು ದೀಪ ನಾಲ್ಕು ಸಲ ಬಂತು. ಪುಸ್ತಕ ನೋಡಿದರೆ ಎಲ್ಲವೂ ಗಾಳಿ ಮಳೆ ಇದ್ದ ಹೊತ್ತು. ಮನೆಯೊಳಗೆ ಫೈಬರ್ ತಂತಿ ಬೀರುವಿನ ಹಿಂದೆ ಮಡಚಿದೆಯೇ, ಕಿಟಕಿ ಬಾಗಿಲಿಗೆ ಸಿಕ್ಕಿದೆಯೇ ಎಂದು ನೋಡಿದೆ. ಎಲ್ಲೂ ಇಲ್ಲ.

ಫೈಬರ್ ತಾಮ್ರದ ತಂತಿಯಂತಲ್ಲ. ಕೂದಲಿನಷ್ಟು ತೆಳ್ಳಗಿನ ಗಾಜಿನೊಳಗೆ ಬೆಳಕು ಒಳಗೋಡೆಗೆ ತಾಗಿ ತಾಗಿ ಮುಂದೆ ಸಾಗುತ್ತದೆ. ತಂತಿಯನ್ನು ತೀರಾ ಬಿಗಿಯಾಗಿ ಬಗ್ಗಿಸಿದರೆ ಆ ತಿರುವಿನಲ್ಲಿ ಬೆಳಕು ಹೊರಗೆ ಸೋರುತ್ತದೆ. ತಂತಿ ತುಂಡಾಗಬೇಕಿಲ್ಲ, ಬಾಗಿದರೂ ಸಾಕು. ಟೀ ಕಪ್ಪಿನ ಬಾಯಿಗಿಂತ ಚಿಕ್ಕದಾಗಿ ಸುತ್ತದಿದ್ದರೆ ಒಳ್ಳೆಯದು. ಇನ್ನೊಂದು ಮಾತು: ಫೈಬರ್ ಪಿನ್ನನ್ನು ಬಿಚ್ಚಿ ಅದರ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ. ಅದು ಕಣ್ಣಿಗೆ ಕಾಣದ ಲೇಸರ್ ಬೆಳಕು. ತುದಿಯನ್ನು ಬೆರಳಿನಿಂದ ಮುಟ್ಟಲೂಬಾರದು, ಸ್ವಲ್ಪ ಎಣ್ಣೆ ಧೂಳು ತಾಗಿದರೂ ಬೆಳಕು ತಡೆಯುತ್ತದೆ.

ಇದು ನಮ್ಮ ಕೈಯ ಕೆಲಸವಲ್ಲ ಎಂದು ಖಚಿತವಾದ ಮೇಲೆ ಐದನೇ ಸಲ ಫೋನ್ ಮಾಡಿದೆ. ಈ ಸಲ ಜೋರು ಮಾಡಲಿಲ್ಲ. "ಇಂಥ ದಿನಾಂಕ, ಇಂಥ ಸಮಯ, ಗಾಳಿ ಬಂದಾಗ ಲಾಸ್ ದೀಪ ಕೆಂಪಾಗುತ್ತದೆ, ಮನೆಯೊಳಗಿನ ತಂತಿ ಪರಿಶೀಲಿಸಿದ್ದೇವೆ, ಹೊರಗಿನ ತಂತಿ ನೋಡಬೇಕು" ಎಂದೆ. ಆಫ್ ಮಾಡಿ ಆನ್ ಮಾಡಿ ಎನ್ನಲಿಲ್ಲ. ದೂರಿನ ಸಂಖ್ಯೆ ಕೊಟ್ಟರು, ಮರುದಿನ ಒಬ್ಬರು ಬಂದರು. ಅವರ ಮೀಟರ್ ಮೈನಸ್ 28 ತೋರಿಸಿತು. ಇಂಥ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಮೈನಸ್ 27ರವರೆಗೆ ಕೆಲಸ ಮಾಡುವ ಶಕ್ತಿ, ಅದಕ್ಕಿಂತ ಕೆಳಗೆ ಹೋದರೆ ಖಾತ್ರಿಯಿಲ್ಲ ಎಂದರು. ಕಂಬದ ಮೇಲೆ ನಮ್ಮ ತಂತಿಯನ್ನು ಬಿಗಿಯಾಗಿ ಮಡಚಿ ಕಟ್ಟಲಾಗಿತ್ತು, ಗಾಳಿಗೆ ಎಳೆದಾಡುತ್ತಿತ್ತು. ಬಿಚ್ಚಿ ಸಡಿಲ ಸುತ್ತು ಹಾಕಿದ ಮೇಲೆ ಮೈನಸ್ 21.

7 ಅಂಕದ ವ್ಯತ್ಯಾಸ ಸಣ್ಣದೆನಿಸಬಹುದು. ಆದರೆ ಈ ಡೆಸಿಬೆಲ್ ಲೆಕ್ಕದಲ್ಲಿ 3 ಕಡಿಮೆಯಾದರೆ ಬೆಳಕು ಅರ್ಧ, 10 ಕಡಿಮೆಯಾದರೆ ಹತ್ತನೇ ಒಂದು ಪಾಲು. 7 ಎಂದರೆ ಐದು ಪಾಲಿನಲ್ಲಿ ಸುಮಾರು ಒಂದು ಪಾಲು ಬೆಳಕು ಮಾತ್ರ ನಮ್ಮ ಮನೆ ಮುಟ್ಟುತ್ತಿತ್ತು.

ಉಳಿದ 3 ಮತ್ತು 1

ಹಿಂದಿನ ಕೋಣೆಯ ಮೂರು ನಮೂದುಗಳು ಶುದ್ಧ ವೈಫೈ ತೊಂದರೆ. ಪೆಟ್ಟಿಗೆ ಮುಂಬಾಗಿಲ ಬಳಿ ನೆಲದ ಹತ್ತಿರವಿತ್ತು, ನಡುವೆ ಎರಡು ಗೋಡೆ ಮತ್ತು ಒಂದು ಕಬ್ಬಿಣದ ಬೀರು. ಪೆಟ್ಟಿಗೆಯನ್ನು ನಡುಮನೆಯ ಎತ್ತರದ ಗೂಡಿಗೆ ಬದಲಿಸಿದೆವು. ಹೆಚ್ಚಿನ ಪೆಟ್ಟಿಗೆಗಳು ಎರಡು ಬಗೆಯ ವೈಫೈ ಕೊಡುತ್ತವೆ: 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲದರ ಗದ್ದಲ ಅಲ್ಲೇ. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಗದ್ದಲ ಕಡಿಮೆ, ಆದರೆ ಗೋಡೆಗೆ ಸೋಲುತ್ತದೆ. ಪೆಟ್ಟಿಗೆ ಇರುವ ಕೋಣೆಯಲ್ಲಿ 5, ದೂರದ ಕೋಣೆಯಲ್ಲಿ 2.4 ಬಳಸಿ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11. ಪಕ್ಕದ ಮನೆಯವರು 6ರಲ್ಲಿದ್ದರೆ ನೀವು 1ಕ್ಕೋ 11ಕ್ಕೋ ಹೋಗಿ. ಎಲ್ಲಕ್ಕಿಂತ ಉತ್ತಮ, ಮುಖ್ಯ ಪಾಠ ಅಥವಾ ಪರೀಕ್ಷೆ ಇರುವ ಲ್ಯಾಪ್‌ಟಾಪ್‌ಗೆ ಲ್ಯಾನ್ ತಂತಿ ಹಾಕುವುದು.

ಕರೆಂಟ್ ಹೋದದ್ದು ಒಂದೇ ಸಲ. ಅದಕ್ಕೆ ರೂಟರ್‌ಗೆಂದೇ ಬರುವ ಸಣ್ಣ ಯುಪಿಎಸ್ ಸಿಗುತ್ತದೆ. 23ರಲ್ಲಿ ಒಂದಕ್ಕಾಗಿ ಈಗಲೇ ಸಾವಿರಕ್ಕಿಂತ ಹೆಚ್ಚು ಖರ್ಚು ಬೇಡ ಎಂದು ಆಪಾ ತೀರ್ಮಾನಿಸಿದಳು. ಪಟ್ಟಿ ಇಲ್ಲದಿದ್ದರೆ ನಾವು ಮೊದಲು ಕೊಳ್ಳುತ್ತಿದ್ದದ್ದೇ ಅದನ್ನು!

ದೂರು ಕೊಟ್ಟರೂ ಆಗದಿದ್ದರೆ

ದೂರಿನ ಸಂಖ್ಯೆ ಪಡೆಯದೆ ಫೋನ್ ಇಡಬೇಡಿ. ಟ್ರಾಯ್‌ನ 2012ರ ನಿಯಮದ ಪ್ರಕಾರ ಎರಡು ಹಂತಗಳಿವೆ: ಮೊದಲು ಕಂಪನಿಯ ದೂರು ಕೇಂದ್ರ, ಅಲ್ಲಿ ಸಮಾಧಾನವಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಟ್ರಾಯ್ ತಾನೇ ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ದ್ವಿತೀಯ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಗ್ರಾಹಕ ಸಂರಕ್ಷಣೆ ಪಾಠ ಓದುವವರು ಗಮನಿಸಿ: ಅಲ್ಲಿ ಹಕ್ಕುಗಳ ಜೊತೆಗೆ ಗ್ರಾಹಕರ ಜವಾಬ್ದಾರಿಗಳೂ ಇವೆ.

ಕೊನೆಯ ಮಾತು

ಪ್ರಥಮ ಪಿಯುಸಿಯಲ್ಲಿ ಬ್ಯಾಂಕ್ ಹೊಂದಾಣಿಕೆ ಪಟ್ಟಿ ಓದುವಾಗ, ನಗದು ಪುಸ್ತಕಕ್ಕೂ ಪಾಸ್ ಪುಸ್ತಕಕ್ಕೂ ತಾಳೆಯಾಗದಿದ್ದರೆ ಬ್ಯಾಂಕಿನದ್ದೇ ತಪ್ಪು ಎಂದುಕೊಳ್ಳಬೇಡಿ ಎಂದು ನಮ್ಮ ಸರ್ ಹೇಳಿದ್ದರು. ಮೊದಲು ನಮ್ಮ ನಗದು ಪುಸ್ತಕದ ತಪ್ಪು ತಿದ್ದಿಕೊಂಡು, ಉಳಿದ ವ್ಯತ್ಯಾಸಕ್ಕೆ ಪಟ್ಟಿ ಮಾಡಬೇಕು. ನೆಟ್ ವಿಷಯದಲ್ಲೂ ಅದೇ ಕ್ರಮ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಎರಡು ಮೂರು ದಿನ ಬರೆದು ನೋಡಿ, ಆಮೇಲೆ ಮುಂದಿನದು. ಒಟ್ಟಿಗೆ ನಾಲ್ಕು ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ.

ತಂತಿ ಸರಿಮಾಡಲು ಬಂದವರಿಗೆ ಅಮ್ಮಿ ಚಹಾ ಕೊಟ್ಟರು. 14 ಸಲದ ತಪ್ಪು ನಮ್ಮದೇ ಎಂದು ನಾನೇ ಅವರಿಗೆ ಹೇಳಿದೆ. ಅವರು ನಕ್ಕು, "ಇದನ್ನು ಹೇಳುವವರು ಕಡಿಮೆ" ಎಂದರು. ಫೋನಿನಲ್ಲಿ ನಾನು ಬೈದ ಹುಡುಗನಿಗೂ ಹೇಳಬೇಕೆಂದಿದ್ದೆ. ಆದರೆ ಆ ಸಂಖ್ಯೆಗೆ ಫೋನ್ ಮಾಡಿದರೆ ಪ್ರತಿ ಸಲ ಬೇರೆಯವರೇ ಎತ್ತುತ್ತಾರೆ.

ಸಂದೇಶ ಕಳಿಸಿದ್ದ ತಾಯಿ ಮಗುವನ್ನು ಬಿಡಿಸಲಿಲ್ಲ. ಬಿಟ್ಟುಹೋದ ಹುಡುಗ ಇನ್ನೂ ಬಂದಿಲ್ಲ. ಐದು ಮಕ್ಕಳ ಪಾಠ ಈಗ ಅಡ್ಡಿಯಿಲ್ಲದೆ ನಡೆಯುತ್ತಿದೆ. ನೋಟ್‌ಬುಕ್ ಇನ್ನೂ ರೂಟರ್ ಪಕ್ಕದಲ್ಲೇ ಇದೆ. ಕಳೆದ ಹನ್ನೆರಡು ದಿನಗಳಲ್ಲಿ ಒಂದೇ ನಮೂದು: ಕರೆಂಟ್ ಹೋಗಿತ್ತು.